ಸ್ಪೀಕರ್ ಯಾಕೆ, ಸಚಿವರು ಯಾಕಲ್ಲ? ಅಮೆರಿಕ ಅಧ್ಯಕ್ಷರ ಸಂಪುಟ, ಸರದಿ ಬಗ್ಗೆ ಗೊತ್ತಿದ್ದವರು ಹೇಳಿ

ಮೈಸೂರು_ಮಾಮ
ಭಾನುವಾರ ನನ್ನ ಮಾನ ಹೋಯ್ತು. ಅಕ್ಕನ ಮಗಳು ನ್ಯೂಜೆರ್ಸಿಯಲ್ಲಿ ಎಂಟನೇ ಕ್ಲಾಸು. ವಿಡಿಯೋ ಕಾಲ್‌ನಲ್ಲಿ ಸಿವಿಕ್ಸ್ ಪುಸ್ತಕ ಹಿಡಿದುಕೊಂಡೇ ಕೂತಿದ್ದಳು. "ಮಾಮ, ಪ್ರೆಸಿಡೆಂಟ್ ಇಲ್ಲ, ವೈಸ್ ಪ್ರೆಸಿಡೆಂಟೂ ಇಲ್ಲ ಅಂದ್ರೆ ಆಮೇಲೆ ಯಾರು?" ಅಂತ ಕೇಳಿದಳು. ನಾನು ದಿನಾ ಎರಡು ಪೇಪರ್ ಓದುವವನು, ಗತ್ತಿನಲ್ಲಿ "ವಿದೇಶಾಂಗ ಸಚಿವರು" ಅಂದೆ. ಹುಡುಗಿ ಬಿದ್ದು ಬಿದ್ದು ನಕ್ಕಳು. ಹಿಂದೆ ಅಕ್ಕ ನಗುವುದೂ ಕೇಳಿಸಿತು.

ಸರಿ ಉತ್ತರ ಕೆಳಮನೆಯ ಸ್ಪೀಕರ್ ಅಂತೆ. ಅಲ್ಲಿಗೆ ಬಾಯಿ ಮುಚ್ಚಿಕೊಳ್ಳಬೇಕಿತ್ತು. "ಸ್ಪೀಕರ್ ಎದುರು ಪಾರ್ಟಿಯವರಾದರೆ?" ಅಂದೆ. "ಆದ್ರೂ ಅವರೇ ಮಾಮ" ಅಂದಳು. ಇದು ನನಗೆ ಅರಗುತ್ತಲೇ ಇಲ್ಲ. ಜನ ಒಂದು ಪಕ್ಷದವರನ್ನು ಗೆಲ್ಲಿಸಿರುತ್ತಾರೆ, ಪಕ್ಕದಲ್ಲೇ ಅವರ ಸಂಪುಟ ಇರುತ್ತೆ, ಅದನ್ನು ಬಿಟ್ಟು ವಿರೋಧ ಪಕ್ಷದ ಮನುಷ್ಯನನ್ನು ಕರೆದು ಕುರ್ಚಿ ಕೊಡುವುದಾ? ಹಾಗಾದರೆ ಆ ಸಂಪುಟ ಇರುವುದಾದರೂ ಯಾತಕ್ಕೆ? ಬುಧವಾರ ಸಂಜೆ ಅವಳು ಮತ್ತೆ ಫೋನ್ ಮಾಡುತ್ತಾಳೆ. ಅಷ್ಟರೊಳಗೆ ನನ್ನನ್ನು ಸ್ವಲ್ಪ ತಯಾರು ಮಾಡಿ ಪುಣ್ಯ ಕಟ್ಟಿಕೊಳ್ಳಿ.

ಹಳೇಪೇಪರ್
ಮಾಮ, ಬೇಜಾರು ಮಾಡಿಕೊಳ್ಳಬೇಡಿ. ನೀವು ಮಾಡಿದ ತಪ್ಪನ್ನೇ ಸ್ವತಃ ಅಮೆರಿಕದ ವಿದೇಶಾಂಗ ಸಚಿವರು ಟಿವಿ ಕ್ಯಾಮೆರಾ ಮುಂದೆ ಮಾಡಿದ್ದಾರೆ.

1981ರ ಮಾರ್ಚ್ 30. ವಾಷಿಂಗ್ಟನ್ನಿನ ಹಿಲ್ಟನ್ ಹೋಟೆಲ್ ಹೊರಗೆ ಅಧ್ಯಕ್ಷ ರೇಗನ್‌ಗೆ ಗುಂಡು ಬಿತ್ತು. ಉಪಾಧ್ಯಕ್ಷ ಬುಷ್ ಟೆಕ್ಸಾಸ್‌ನಿಂದ ವಿಮಾನದಲ್ಲಿ ವಾಪಸ್ ಬರುತ್ತಿದ್ದರು. ಶ್ವೇತಭವನದಲ್ಲಿ ಪತ್ರಕರ್ತರು "ಈಗ ಸರ್ಕಾರ ನಡೆಸುತ್ತಿರುವವರು ಯಾರು" ಅಂತ ಕೇಳುತ್ತಿದ್ದಾರೆ. ವಿದೇಶಾಂಗ ಸಚಿವ ಅಲೆಕ್ಸಾಂಡರ್ ಹೇಗ್ ಮೆಟ್ಟಿಲು ಹತ್ತಿ ಓಡಿಬಂದು, ಏದುಸಿರು ಬಿಡುತ್ತಾ, ಸಂವಿಧಾನದ ಪ್ರಕಾರ ಅಧ್ಯಕ್ಷ, ಉಪಾಧ್ಯಕ್ಷ, ಆಮೇಲೆ ವಿದೇಶಾಂಗ ಸಚಿವ, ಅದೇ ಕ್ರಮ, ಸದ್ಯಕ್ಕೆ ಇಲ್ಲಿ ಎಲ್ಲಾ ನನ್ನ ಹಿಡಿತದಲ್ಲಿದೆ ಅನ್ನುವ ಅರ್ಥದಲ್ಲಿ ಹೇಳಿಬಿಟ್ಟರು. ಸ್ಪೀಕರ್ ಮತ್ತು ಅವರ ನಂತರ ಬರುವ ಸೆನೆಟ್‌ನ, ಅಂದರೆ ಅಲ್ಲಿನ ಮೇಲ್ಮನೆಯ ಹಿರಿಯರು, ಇಬ್ಬರನ್ನೂ ನುಂಗಿಹಾಕಿದ್ದರು. ಮನುಷ್ಯ ಸೈನ್ಯದಲ್ಲಿ ನಾಲ್ಕು ನಕ್ಷತ್ರದ ಜನರಲ್ ಆಗಿದ್ದವರು, ಬೇರೆ ಎಷ್ಟೋ ಕೆಲಸ ಮಾಡಿದ್ದಾರೆ. ಆದರೆ ಸಾಯುವವರೆಗೂ ಜನ ನೆನೆಸಿಕೊಂಡದ್ದು ಆ ಒಂದು ಮಾತನ್ನೇ.

ಇನ್ನೊಂದು ವಿಷಯ. 1886ರಿಂದ 1947ರವರೆಗೆ ನಿಮ್ಮ ಉತ್ತರವೇ ಸರಿ ಇತ್ತು. ಉಪಾಧ್ಯಕ್ಷರ ನಂತರ ನೇರ ವಿದೇಶಾಂಗ ಸಚಿವರೇ. ಹುಡುಗಿಗೆ "ನಾನು ಹಳೇ ಸಿಲಬಸ್ಸು" ಅಂತ ಹೇಳಿ.

ಸುಮ್ನೆ_ಓದುಗ
ಹಳೇ ಸಿಲಬಸ್ಸು 😂 ಮಾಮ, ಈ ನೆಪ ಸಾಕು, ಇನ್ನೇನೂ ಬೇಡ.

ಕೋರ್ಟ್_ಕಟ್ಟೆ
ಮೂಲ ಗೊಂದಲ ಇರುವುದು "ಸಂಪುಟ" ಅನ್ನುವ ಪದದಲ್ಲಿ. ನಮ್ಮ ಪೇಪರ್‌ನವರು ಎರಡಕ್ಕೂ ಒಂದೇ ಪದ ಹಾಕುತ್ತಾರೆ, ನಾವು ಎರಡೂ ಒಂದೇ ಅಂದುಕೊಳ್ಳುತ್ತೇವೆ.

ನಮ್ಮಲ್ಲಿ ಮಂತ್ರಿ ಆಗಬೇಕಾದರೆ ಸಂಸತ್ತಿನ ಸದಸ್ಯ ಆಗಿರಬೇಕು, ಇಲ್ಲದಿದ್ದರೆ ಆರು ತಿಂಗಳೊಳಗೆ ಆಗಬೇಕು. ಅಮೆರಿಕದಲ್ಲಿ ಉಲ್ಟಾ. ಸಂಸತ್ತಿನ ಸದಸ್ಯ ಆಗಿರುವವರೆಗೆ ಮಂತ್ರಿ ಆಗುವ ಹಾಗೇ ಇಲ್ಲ. ಸೆನೆಟರ್ ಒಬ್ಬರನ್ನು ಸಚಿವ ಮಾಡಿದರೆ ಮೊದಲು ಆ ಸೀಟು ಬಿಟ್ಟು ಬರಬೇಕು. ನಮ್ಮ ಸಂಪುಟ ಒಟ್ಟಾಗಿ ಲೋಕಸಭೆಗೆ ಉತ್ತರ ಕೊಡಬೇಕು, ಒಟ್ಟಿಗೆ ನಿಲ್ಲುತ್ತೆ, ಒಟ್ಟಿಗೆ ಬೀಳುತ್ತೆ. ಅವರಲ್ಲಿ ಬೀಳುವ ಮಾತೇ ಇಲ್ಲ. ಸೆನೆಟ್ ಒಪ್ಪಿಗೆ ಕೊಟ್ಟು ಒಳಗೆ ಬಿಡುತ್ತೆ, ಆದರೆ ಮನೆಗೆ ಕಳಿಸುವುದು ಅಧ್ಯಕ್ಷರೊಬ್ಬರ ಇಷ್ಟ. ಬೆಳಿಗ್ಗೆ ಕಾಫಿಗೆ ಕೂತು ಸಂಜೆ ಕೆಲಸ ಕಳೆದುಕೊಂಡವರಿದ್ದಾರೆ.

ಸಂವಿಧಾನದಲ್ಲಿ ಸಂಪುಟಕ್ಕೆ ಅಂತ ಒಂದು ವಿಧಿಯೂ ಇಲ್ಲ. ಇಲಾಖೆಯ ಮುಖ್ಯಸ್ಥರಿಂದ ಅಧ್ಯಕ್ಷರು ಬರವಣಿಗೆಯಲ್ಲಿ ಅಭಿಪ್ರಾಯ ಕೇಳಬಹುದು ಅಂತ ಒಂದು ಸಾಲಿದೆ, ಅಷ್ಟೇ. ಮೊದಲ ಅಧ್ಯಕ್ಷ ವಾಷಿಂಗ್ಟನ್ ನಾಲ್ಕು ಜನರನ್ನು ಕೂರಿಸಿಕೊಂಡು ಮಾತಾಡುವ ರೂಢಿ ಶುರು ಮಾಡಿದರು. ಜೆಫರ್ಸನ್, ಹ್ಯಾಮಿಲ್ಟನ್, ನಾಕ್ಸ್, ರ‍್ಯಾಂಡಾಲ್ಫ್. ಅದರಲ್ಲಿ ಮೊದಲ ಇಬ್ಬರಿಗೆ ಹಾವು ಮುಂಗುಸಿ ಸಂಬಂಧ. ಈಗ 15 ಇಲಾಖೆಗಳಿವೆ. ಸಭೆಯಲ್ಲಿ ಎಲ್ಲರೂ ಒಂದು ಕಡೆ ಕೈ ಎತ್ತಿದರೂ ಅಧ್ಯಕ್ಷರು ಇನ್ನೊಂದು ಕಡೆ ಅಂದರೆ ಅಧ್ಯಕ್ಷರ ಮಾತೇ ನಡೆಯುತ್ತೆ. ಲಿಂಕನ್ ಹೆಸರಲ್ಲಿ ಇಂಥದೊಂದು ಕತೆ ಓಡಾಡುತ್ತೆ, ನಿಜವೋ ಸುಳ್ಳೋ, ಪಾಯಿಂಟ್ ಮಾತ್ರ ಸರಿ ಇದೆ.

ಒಟ್ಟಿನಲ್ಲಿ ಅವರು ಮಂತ್ರಿಗಳಲ್ಲ, ಅಧ್ಯಕ್ಷರು ಇಟ್ಟುಕೊಂಡ ಮ್ಯಾನೇಜರ್‌ಗಳು. ಯಜಮಾನ ಹೋದರೆ ಅಂಗಡಿ ಮ್ಯಾನೇಜರ್‌ಗೆ ಹೋಗಬೇಕಾ, ಇಲ್ಲಾ ಜನರಿಂದ ಆರಿಸಿ ಬಂದ ಬೇರೆಯವರಿಗಾ? ಮಾಮ ಕೇಳಿದ ಪ್ರಶ್ನೆ ಇದೇ. ಅಮೆರಿಕದವರೇ ಇದರ ಬಗ್ಗೆ ಮೂರು ಸಲ ಬೇರೆ ಬೇರೆ ತೀರ್ಮಾನ ಮಾಡಿದ್ದಾರೆ.

ಬಾಗಲಕೋಟಿ_ಬಿಸಿರೊಟ್ಟಿ
ಮೂರು ಸಲ ಅಂದ್ರ ಹೆಂಗ್ರಿ ವಕೀಲರ? ಬಿಡಿಸಿ ಹೇಳ್ರಿ. ಅರ್ಧಕ್ಕ ನಿಲ್ಲಿಸಬ್ಯಾಡ್ರಿ.

ಹಳೇಪೇಪರ್
ವಕೀಲರು ಕೋರ್ಟಿಗೆ ಹೋಗಿರಬೇಕು, ನಾನೇ ಹೇಳುತ್ತೇನೆ. ಇದು ನನಗೆ ಇಷ್ಟದ ವಿಷಯ, ಉದ್ದ ಆಗುತ್ತೆ, ಚಹಾ ಇಟ್ಟುಕೊಂಡು ಓದಿ.

1792ರ ಕಾನೂನಿನಲ್ಲಿ ಉಪಾಧ್ಯಕ್ಷರ ನಂತರ ಸೆನೆಟ್‌ನ ಪ್ರೆಸಿಡೆಂಟ್ ಪ್ರೊ ಟೆಂಪೊರೆ (ಉಪಾಧ್ಯಕ್ಷರು ಇಲ್ಲದಾಗ ಸೆನೆಟ್ ಸಭೆ ನಡೆಸುವವರು), ಆಮೇಲೆ ಸ್ಪೀಕರ್. ಸಚಿವರ ಹೆಸರೇ ಇಲ್ಲ. ಇದರ ಹುಳುಕು ಬಯಲಾದದ್ದು 1868ರಲ್ಲಿ. ಲಿಂಕನ್ ಕೊಲೆಯಾಗಿ ಆಂಡ್ರೂ ಜಾನ್ಸನ್ ಅಧ್ಯಕ್ಷರಾಗಿದ್ದರು. ಆಗ ಉಪಾಧ್ಯಕ್ಷರ ಜಾಗ ಖಾಲಿಯಾದರೆ ತುಂಬುವ ದಾರಿಯೇ ಇರಲಿಲ್ಲ, ಮುಂದಿನ ಚುನಾವಣೆವರೆಗೆ ಖಾಲಿಯೇ. ಜಾನ್ಸನ್‌ಗೂ ಸಂಸತ್ತಿಗೂ ಆಗುತ್ತಿರಲಿಲ್ಲ. ನಮ್ಮನ್ನು ಕೇಳದೆ ಸಚಿವರನ್ನು ತೆಗೆಯಬಾರದು ಅಂತ ಸಂಸತ್ತು 1867ರಲ್ಲಿ ಕಾನೂನು ಮಾಡಿತು. ಜಾನ್ಸನ್ ಕೇಳಲಿಲ್ಲ, ಯುದ್ಧ ಸಚಿವ ಸ್ಟಾಂಟನ್‌ರನ್ನು ತೆಗೆದರು. ಸ್ಟಾಂಟನ್ ಏನು ಮಾಡಿದರು ಗೊತ್ತಾ? ಆಫೀಸ್ ಬಾಗಿಲು ಹಾಕಿಕೊಂಡು ಒಳಗೇ ಕೂತರು. ಒಂದು ದಿನ ಎರಡು ದಿನ ಅಲ್ಲ, ಊಟ ನಿದ್ದೆ ಎಲ್ಲ ಅಲ್ಲೇ, ಫೆಬ್ರವರಿಯಿಂದ ಮೇವರೆಗೆ.

ಸಂಸತ್ತು ಜಾನ್ಸನ್ ಮೇಲೆ ಮಹಾಭಿಯೋಗ ಹಾಕಿತು. ಸೆನೆಟ್‌ನಲ್ಲಿ ತೆಗೆಯಲು 36 ಮತ ಬೇಕು. ಬಿದ್ದದ್ದು 35. ಒಂದೇ ಮತದಲ್ಲಿ ಉಳಿದರು. ಈಗ ಮಜಾ ಕೇಳಿ. ಅವರು ಹೋಗಿದ್ದರೆ ಕುರ್ಚಿ ಯಾರಿಗೆ? ಸೆನೆಟ್‌ನ ಪ್ರೊ ಟೆಂಪೊರೆ ಬೆಂಜಮಿನ್ ವೇಡ್‌ಗೆ. ಆ ವೇಡ್ ಮಹಾಶಯರೂ ಅವತ್ತು ಮತ ಹಾಕಿದರು, "ತಪ್ಪಿತಸ್ಥ" ಅಂತ. ತೀರ್ಪು ಕೊಡುವವನಿಗೇ ಆಸ್ತಿ ಬರೋ ಹಾಗೆ ಉಯಿಲು ಬರೆದರೆ ಇನ್ನೇನಾಗುತ್ತೆ?

ಎರಡನೇ ಪೆಟ್ಟು 1881ರಲ್ಲಿ. ಅಧ್ಯಕ್ಷ ಗಾರ್ಫೀಲ್ಡ್‌ಗೆ ಜುಲೈ 2ಕ್ಕೆ ಗುಂಡು ಬಿತ್ತು, ಸತ್ತದ್ದು ಸೆಪ್ಟೆಂಬರ್ 19ಕ್ಕೆ. ಎರಡೂವರೆ ತಿಂಗಳು ಹಾಸಿಗೆಯಲ್ಲಿ. ಉಪಾಧ್ಯಕ್ಷ ಚೆಸ್ಟರ್ ಆರ್ಥರ್ ನ್ಯೂಯಾರ್ಕ್‌ನ ತಮ್ಮ ಮನೆಯಲ್ಲಿ ಮಧ್ಯರಾತ್ರಿ ದಾಟಿದ ಮೇಲೆ ಪ್ರಮಾಣ ತೆಗೆದುಕೊಂಡರು. ಆ ಹೊತ್ತಿಗೆ ಸಂಸತ್ತು ಸೇರಿರಲಿಲ್ಲ. ಪ್ರೊ ಟೆಂಪೊರೆಯೂ ಇಲ್ಲ, ಸ್ಪೀಕರೂ ಇಲ್ಲ. ರೈಲಿನಲ್ಲಿ ವಾಷಿಂಗ್ಟನ್‌ಗೆ ಹೋಗುವಾಗ ತಮಗೇನಾದರೂ ಆದರೆ ದೇಶಕ್ಕೆ ವಾರಸುದಾರರೇ ಇಲ್ಲ ಅಂತ ಆರ್ಥರ್‌ಗೆ ಹೊಳೆಯಿತು. ಸೆನೆಟ್ ಸೇರಿಸಬೇಕು ಅನ್ನುವ ಆದೇಶ ಬರೆದು, "ಅಧ್ಯಕ್ಷರು, ವಾಷಿಂಗ್ಟನ್" ಅಂತ ವಿಳಾಸ ಹಾಕಿ ಅಂಚೆಗೆ ಹಾಕಿದರು ಅಂತ ಹೇಳುತ್ತಾರೆ. ತಾವು ತಲುಪಿದರೆ ತಾವೇ ಹರಿದುಹಾಕಬಹುದು, ತಲುಪದಿದ್ದರೆ ಯಾರೋ ಒಬ್ಬರು ಒಡೆದು ಓದುತ್ತಾರೆ. ಹಾಗೇ, ತಲುಪಿದ ಮೇಲೆ ತಾವೇ ನಾಶ ಮಾಡಿದರಂತೆ. ನಾಲ್ಕೇ ವರ್ಷಕ್ಕೆ, 1885ರ ನವೆಂಬರ್‌ನಲ್ಲಿ, ಉಪಾಧ್ಯಕ್ಷ ಹೆಂಡ್ರಿಕ್ಸ್ ತೀರಿಕೊಂಡರು. ಆಗಲೂ ಅದೇ ಕತೆ, ಪ್ರೊ ಟೆಂಪೊರೆ, ಸ್ಪೀಕರ್, ಎರಡೂ ಕುರ್ಚಿ ಖಾಲಿ. ಸಾಕಪ್ಪ ಅಂತ 1886ರಲ್ಲಿ ಸಂಸತ್ತಿನವರನ್ನು ಬಿಟ್ಟು ಸಚಿವರ ಸಾಲು ಮಾಡಿದರು. ಸಚಿವರು ಯಾವಾಗಲೂ ಇರುತ್ತಾರೆ, ಅಧ್ಯಕ್ಷರ ಕಡೆಯವರೇ ಆಗಿರುತ್ತಾರೆ. ಮಾಮನ ಕಾಲದ ಸಿಲಬಸ್ ಇದೇ.

ಮೈಸೂರು_ಮಾಮ
1886 ಮಾಮನ ಕಾಲ ಅಲ್ಲ ಸ್ವಾಮಿ, ನನಗೆ ಇನ್ನೂ 52. ಆದರೆ ಆ ಲಕೋಟೆ ಕತೆ ಚೆನ್ನಾಗಿದೆ, ಇದನ್ನು ಅವಳಿಗೆ ಹೇಳೇ ಹೇಳುತ್ತೇನೆ. ಸರಿ, ಅಷ್ಟು ಚೆನ್ನಾಗಿದ್ದ ವ್ಯವಸ್ಥೆಯನ್ನು 1947ರಲ್ಲಿ ಕೆಡಿಸಿದ್ದು ಯಾಕೆ?

ಕೋರ್ಟ್_ಕಟ್ಟೆ
ಕೆಡಿಸಿದ್ದು ಅನ್ನುವುದನ್ನು ನಾನು ಒಪ್ಪಲ್ಲ. ಆಗ ಅಧ್ಯಕ್ಷರಾಗಿದ್ದ ಟ್ರೂಮನ್ ಜಾಗದಲ್ಲಿ ನಿಂತು ನೋಡಿ. 82 ದಿನ ಉಪಾಧ್ಯಕ್ಷರಾಗಿದ್ದರು. 1945ರ ಏಪ್ರಿಲ್ 12ಕ್ಕೆ ರೂಸ್‌ವೆಲ್ಟ್ ಹೋದರು. ಪರಮಾಣು ಬಾಂಬಿನ ವಿಷಯವನ್ನೇ ಅಲ್ಲಿವರೆಗೆ ಇವರಿಗೆ ಸರಿಯಾಗಿ ಹೇಳಿರಲಿಲ್ಲ. ಪೂರ್ತಿ ವಿವರ ಗೊತ್ತಾದದ್ದು ಏಪ್ರಿಲ್ 25ಕ್ಕೆ. ಅಂಥ ಹೊತ್ತಿನಲ್ಲಿ ಇವರ ನಂತರ ಯಾರು ಅಂತ ನೋಡಿದರೆ ವಿದೇಶಾಂಗ ಸಚಿವ. ಆ ಸಚಿವರನ್ನು ನೇಮಿಸುವವರು ಯಾರು? ಇವರೇ. ಅಂದರೆ ತನ್ನ ವಾರಸುದಾರನನ್ನು ತಾನೇ ಆರಿಸಿದ ಹಾಗಾಯಿತು, ರಾಜರ ಕಾಲದ ದತ್ತು ತೆಗೆದುಕೊಂಡ ಹಾಗೆ. ಪ್ರಜಾಪ್ರಭುತ್ವದಲ್ಲಿ ಒಬ್ಬ ಮನುಷ್ಯನ ಕೈಗೆ ಆ ಅಧಿಕಾರ ಇರಬಾರದು, ಜನ ಆರಿಸಿದವರು ಮೊದಲು ಬರಲಿ ಅಂತ ಅವರೇ ಸಂಸತ್ತಿಗೆ ಬರೆದರು. ಅಧಿಕಾರದಲ್ಲಿ ಕೂತವರು ತಮ್ಮ ಕೈಯನ್ನು ತಾವೇ ಕಟ್ಟಿಕೊಳ್ಳುವುದು ದಿನಾ ನೋಡಲು ಸಿಗಲ್ಲ.

ಕಾನೂನು ಪಾಸಾಗುವ ಹೊತ್ತಿಗೆ ಕೆಳಮನೆ ರಿಪಬ್ಲಿಕನ್ನರ ಕೈಗೆ ಹೋಗಿತ್ತು. ಟ್ರೂಮನ್ ಡೆಮಾಕ್ರಟ್. ಸಹಿ ಮಾಡಿದ ಕ್ಷಣದಿಂದ ಇವರ ನಂತರದ ಹೆಸರು ರಿಪಬ್ಲಿಕನ್ ಸ್ಪೀಕರ್ ಜೋಸೆಫ್ ಮಾರ್ಟಿನ್. ಆದರೂ ಸಹಿ ಮಾಡಿದರು.

ವರ್ಜೀನಿಯಾ_ಕನ್ನಡತಿ
ಸಹಿ ಮಾಡಿದ್ದು ದೊಡ್ಡ ಮನಸ್ಸು, ಒಪ್ಪೋಣ. ಆದರೆ ನಿಮ್ಮ ವಾದದಲ್ಲಿ ಒಂದು ತೂತಿದೆ ಸರ್. "ಜನ ಆರಿಸಿದವರು" ಅಂತೀರಿ. ಸ್ಪೀಕರನ್ನು ಆರಿಸಿದ್ದು ಯಾವ ಜನ? ಒಂದು ಜಿಲ್ಲೆಯಷ್ಟು ಕ್ಷೇತ್ರದವರು. ಇಲ್ಲಿ ನನ್ನ ಪಕ್ಕದ ಮನೆಯವರಿಗೆ ಸ್ಪೀಕರ್ ಹೆಸರೇ ಗೊತ್ತಿಲ್ಲ. ಇನ್ನು ಸೆನೆಟ್‌ನ ಪ್ರೊ ಟೆಂಪೊರೆ ಅಂದರೆ ರೂಢಿ ಪ್ರಕಾರ ಬಹುಮತದ ಪಕ್ಷದಲ್ಲಿ ಎಲ್ಲರಿಗಿಂತ ಹೆಚ್ಚು ವರ್ಷ ಸೆನೆಟ್‌ನಲ್ಲಿ ಕೂತವರು. ಅದು ಗೌರವಕ್ಕೆ ಕೊಡುವ ಜಾಗ, ಮದುವೆ ಮನೆಯಲ್ಲಿ ಹಿರಿಯಜ್ಜನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸುತ್ತೇವಲ್ಲ ಹಾಗೆ. ಸ್ಟ್ರಾಮ್ ಥರ್ಮಂಡ್ 2001ರಲ್ಲಿ ಆ ಜಾಗ ಬಿಟ್ಟಾಗ 98 ವರ್ಷ. 2025ರ ಜನವರಿಯಲ್ಲಿ ಅಲ್ಲಿಗೆ ಬಂದ ಚಕ್ ಗ್ರಾಸ್ಲಿ ಹುಟ್ಟಿದ್ದು 1933ರಲ್ಲಿ. ಅಜ್ಜನಿಗೆ ಮುಂದಿನ ಕುರ್ಚಿ ಕೊಡೋಣ, ಆದರೆ ಅಣುಬಾಂಬಿನ ಗುಂಡಿ ಕೊಡೋದಾ?

ಕೋರ್ಟ್_ಕಟ್ಟೆ
ಪ್ರೊ ಟೆಂಪೊರೆ ವಿಷಯದಲ್ಲಿ ನನ್ನ ಹತ್ತಿರ ಉತ್ತರ ಇಲ್ಲ, ಸೋತೆ. ಸ್ಪೀಕರ್ ವಿಷಯದಲ್ಲಿ ಸೋತಿಲ್ಲ. ಸಚಿವರನ್ನು ಒಂದು ಕ್ಷೇತ್ರದವರೂ ಆರಿಸಿರಲ್ಲವಲ್ಲ.

ಬಾಗಲಕೋಟಿ_ಬಿಸಿರೊಟ್ಟಿ
ನಮ್ಮ ದೇಶದ್ದೂ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಈ ವಿಷಯದಾಗ ನಮ್ಮ ಜಿಲ್ಲಾ ಬರ್ತದ. ಬಿ.ಡಿ. ಜತ್ತಿ ಅವರು ಜಮಖಂಡಿ ತಾಲೂಕಿನ ಸಾವಳಗಿಯವರು. ಮೈಸೂರು ರಾಜ್ಯದ ಮುಖ್ಯಮಂತ್ರಿ ಆಗಿದ್ದರು, ಆಮೇಲೆ ಉಪರಾಷ್ಟ್ರಪತಿ. 1977ರ ಫೆಬ್ರವರಿ 11ಕ್ಕೆ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಇವರೇ ಹಂಗಾಮಿ ರಾಷ್ಟ್ರಪತಿ. ತುರ್ತು ಪರಿಸ್ಥಿತಿ ಇನ್ನೂ ಮುಗಿದಿರಲಿಲ್ಲ. ಮೊರಾರ್ಜಿ ದೇಸಾಯಿಗೆ ಪ್ರಮಾಣ ವಚನ ಬೋಧಿಸಿದ್ದು ನಮ್ಮ ಸಾವಳಗಿಯ ಮನುಷ್ಯ. ಜನತಾ ಸರ್ಕಾರ ಒಂಬತ್ತು ವಿಧಾನಸಭೆ ವಿಸರ್ಜನೆಗೆ ಕಾಗದ ಕಳಿಸಿದಾಗ ಮೊದಲು ಹಿಂದೆಮುಂದೆ ನೋಡಿದರು, ದೇಶ ತುಂಬಾ ಗದ್ದಲ ಆತು, ಆಮೇಲೆ ಸಹಿ ಹಾಕಿದರು. ನಮ್ಮ ಅಜ್ಜ ಆ ಕತಿ ಹೇಳುವಾಗ ಎಲಿಅಡಿಕಿ ಚೀಲ ಬಿಚ್ಚಿ ಕೂತರ ಮುಗಿಸಲು ಒಂದು ತಾಸು.

ಆದ್ರ ನೋಡ್ರಿ, ಜುಲೈ 25ಕ್ಕೆ ಹೊಸ ರಾಷ್ಟ್ರಪತಿ ಬಂದರು, ಜತ್ತಿಯವರು ತಮ್ಮ ಜಾಗಕ್ಕ ವಾಪಸ್. ನಮ್ಮಲ್ಲಿ ಆರು ತಿಂಗಳೊಳಗೆ ಚುನಾವಣೆ ಆಗಲೇಬೇಕು. ಅಮೆರಿಕದಾಗ ಹಂಗಲ್ಲ ಏನ್ರಿ?

ಹಳೇಪೇಪರ್
ಅಲ್ಲಿ ಹಾಗಲ್ಲ, ಉಳಿದ ಅವಧಿ ಪೂರ್ತಿ ಅವರದೇ. ವಿಲಿಯಂ ಹೆನ್ರಿ ಹ್ಯಾರಿಸನ್ 1841ರಲ್ಲಿ ಅಧಿಕಾರಕ್ಕೆ ಬಂದು ಒಂದೇ ತಿಂಗಳಿಗೆ ತೀರಿಕೊಂಡರು. ಜಾನ್ ಟೈಲರ್ ಸುಮಾರು ನಾಲ್ಕು ವರ್ಷ ಆಳಿದರು. "ಹಂಗಾಮಿ ಅಧ್ಯಕ್ಷರಿಗೆ" ಅಂತ ವಿಳಾಸ ಬರೆದ ಪತ್ರಗಳನ್ನು ಒಡೆಯದೆ ವಾಪಸ್ ಕಳಿಸುತ್ತಿದ್ದರಂತೆ. ನಾನು ಹಂಗಾಮಿ ಅಲ್ಲ, ಪೂರ್ತಿ ಅಧ್ಯಕ್ಷ ಅಂತ ಹಠ. ಸಂವಿಧಾನದಲ್ಲಿ ಅದು ಸ್ಪಷ್ಟ ಇರಲಿಲ್ಲ. ಟೈಲರ್ ಹಠ ಹಿಡಿದದ್ದಕ್ಕೇ ರೂಢಿ ಆಯಿತು, 1967ರ 25ನೇ ತಿದ್ದುಪಡಿಯಲ್ಲಿ ಬರವಣಿಗೆಗೆ ಬಂತು.

ಜತ್ತಿ ಹೆಸರು ಬಂದಿದ್ದಕ್ಕೆ ಇನ್ನೊಂದು. ನಮ್ಮ ಸರದಿಯಲ್ಲಿ ಉಪರಾಷ್ಟ್ರಪತಿ ನಂತರ ಮುಖ್ಯ ನ್ಯಾಯಮೂರ್ತಿ ಬರುತ್ತಾರೆ, ಸ್ಪೀಕರೂ ಅಲ್ಲ, ಮಂತ್ರಿಯೂ ಅಲ್ಲ. ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡ ಮೇಲೆ 1969ರ ಮೇ ತಿಂಗಳಲ್ಲೇ ಕಾನೂನು ಮಾಡಿದರು, ಜುಲೈನಲ್ಲಿ ಉಪರಾಷ್ಟ್ರಪತಿ ಗಿರಿಯವರು ಚುನಾವಣೆಗೆ ನಿಲ್ಲಲು ರಾಜೀನಾಮೆ ಕೊಟ್ಟಾಗ ಕೆಲಸಕ್ಕೆ ಬಂತು. ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ 35 ದಿನ ರಾಷ್ಟ್ರಪತಿ ಕೆಲಸ ನೋಡಿದರು. ಅಷ್ಟರಲ್ಲೇ ಅಮೆರಿಕ ಅಧ್ಯಕ್ಷ ನಿಕ್ಸನ್ ದೆಹಲಿಗೆ ಬಂದು ಹೋದರು.

ಸುಮ್ನೆ_ಓದುಗ
ಅಮೆರಿಕದಲ್ಲಿ ಸ್ಪೀಕರ್‌ವರೆಗೆ ಯಾವತ್ತಾದರೂ ಬಂದಿದೆಯಾ? ಇಲ್ಲಾ ಬರೀ ಪುಸ್ತಕದ ಬದನೆಕಾಯಾ?

ಹಳೇಪೇಪರ್
ಬಂದಿಲ್ಲ. ಎಂಟು ಅಧ್ಯಕ್ಷರು ಅಧಿಕಾರದಲ್ಲಿದ್ದಾಗ ತೀರಿಕೊಂಡಿದ್ದಾರೆ, ಒಬ್ಬರು ರಾಜೀನಾಮೆ ಕೊಟ್ಟಿದ್ದಾರೆ. ಒಂಬತ್ತು ಸಲವೂ ಉಪಾಧ್ಯಕ್ಷರಲ್ಲೇ ನಿಂತಿದೆ. ಆದರೆ ಹೊಸ್ತಿಲವರೆಗೆ ಬಂದಿತ್ತು, 1973ರಲ್ಲಿ. ಉಪಾಧ್ಯಕ್ಷ ಆಗ್ನ್ಯೂ ಅಕ್ಟೋಬರ್ 10ಕ್ಕೆ ರಾಜೀನಾಮೆ. ನಿಕ್ಸನ್ ವಾಟರ್‌ಗೇಟ್ ಹಗರಣದಲ್ಲಿ ಕುತ್ತಿಗೆವರೆಗೆ ಮುಳುಗಿದ್ದಾರೆ. ಮುಂದಿನ ಹೆಸರು ಡೆಮಾಕ್ರಟ್ ಸ್ಪೀಕರ್ ಕಾರ್ಲ್ ಆಲ್ಬರ್ಟ್. ಡಿಸೆಂಬರ್ 6ರವರೆಗೆ ಹಾಗೇ ಇತ್ತು. ಅವತ್ತು ಜೆರಾಲ್ಡ್ ಫೋರ್ಡ್ ಉಪಾಧ್ಯಕ್ಷರಾದರು, 25ನೇ ತಿದ್ದುಪಡಿಯ ಹೊಸ ದಾರಿಯಲ್ಲಿ, ಎರಡೂ ಸದನದ ಒಪ್ಪಿಗೆ ಪಡೆದು. ಮುಂದಿನ ಆಗಸ್ಟ್‌ನಲ್ಲಿ ಅಧ್ಯಕ್ಷರೇ ಆದರು. ಉಪಾಧ್ಯಕ್ಷ ಸ್ಥಾನಕ್ಕೂ ಜನ ಮತ ಹಾಕಿಲ್ಲ, ಅಧ್ಯಕ್ಷ ಸ್ಥಾನಕ್ಕೂ ಹಾಕಿಲ್ಲ, ಆದರೂ ಅಧ್ಯಕ್ಷ. ಅಲ್ಲಿನ ಇತಿಹಾಸದಲ್ಲಿ ಇವರೊಬ್ಬರೇ. ವಕೀಲರೇ, "ಜನ ಆರಿಸಿದವರು" ಎಲ್ಲಿ ಹೋದರು?

ನಿಕ್ಸನ್ ರಾಜೀನಾಮೆ ಪತ್ರ ನೋಡಿದ್ದೀರಾ? ಒಂದೇ ಸಾಲು. ಅಧ್ಯಕ್ಷ ಸ್ಥಾನಕ್ಕೆ ಈ ಮೂಲಕ ರಾಜೀನಾಮೆ ಕೊಡುತ್ತಿದ್ದೇನೆ, ಅಷ್ಟೇ. ವಿಳಾಸ ವಿದೇಶಾಂಗ ಸಚಿವರಿಗೆ, ಯಾಕೆಂದರೆ ಅದನ್ನು ಅವರಿಗೇ ಕೊಡಬೇಕು ಅಂತ ಕಾನೂನು. ಕಿಸಿಂಜರ್ ಮೂಲೆಯಲ್ಲಿ ಟೈಮ್ ಬರೆದು ಚಿಕ್ಕ ಸಹಿ ಹಾಕಿದ್ದಾರೆ, ಬೆಳಿಗ್ಗೆ 11.35. ನಮ್ಮ ಟಪಾಲು ವಿಭಾಗದ ಗುಮಾಸ್ತರು ಹಾಕುವ ಹಾಗೆ.

ವರ್ಜೀನಿಯಾ_ಕನ್ನಡತಿ
ಆ ಕಿಸಿಂಜರ್ ಸಚಿವರ ಸಾಲಿನಲ್ಲಿ ಮೊದಲನೆಯವರಾಗಿದ್ದರೂ ಅಧ್ಯಕ್ಷರಾಗುವ ಹಾಗಿರಲಿಲ್ಲ, ಗೊತ್ತಾ? ಹುಟ್ಟಿದ್ದು ಜರ್ಮನಿಯಲ್ಲಿ. ಅಧ್ಯಕ್ಷರಾಗುವವರು ಹುಟ್ಟಿನಿಂದಲೇ ಅಮೆರಿಕದ ಪ್ರಜೆ ಆಗಿರಬೇಕು, 35 ವರ್ಷ ಆಗಿರಬೇಕು, 14 ವರ್ಷ ಇಲ್ಲಿ ವಾಸ ಇರಬೇಕು. ಇಲ್ಲದಿದ್ದರೆ ಸರದಿ ಅವರನ್ನು ದಾಟಿ ಮುಂದಿನವರಿಗೆ ಹೋಗುತ್ತೆ. ಆಮೇಲೆ ವಿದೇಶಾಂಗ ಸಚಿವೆಯಾದ, ಪ್ರಾಗ್‌ನಲ್ಲಿ ಹುಟ್ಟಿದ ಮೇಡಲೀನ್ ಆಲ್ಬ್ರೈಟ್ ಕೂಡ ಹಾಗೇ.

ಕನ್ನಡ ಕೂಟದಲ್ಲಿ ಪ್ರತಿ ಸಲ ಯಾರಾದರೊಬ್ಬರು ಕೇಳುತ್ತಾರೆ, ವಿವೇಕ್ ಮೂರ್ತಿ ಸಂಪುಟದಲ್ಲಿ ಇದ್ದರಲ್ವಾ ಅಂತ. ಇರಲಿಲ್ಲ. ಅವರ ಮನೆತನ ಮಂಡ್ಯದ ಹಲ್ಲೇಗೆರೆ, ನಮಗೆಲ್ಲ ಹೆಮ್ಮೆ, ಎರಡು ಸಲ ಸರ್ಜನ್ ಜನರಲ್ ಆಗಿದ್ದರು. ಆದರೆ ಆ ಹುದ್ದೆ ಆರೋಗ್ಯ ಇಲಾಖೆಯ ಒಳಗೆ ಬರುತ್ತೆ, ಸಂಪುಟ ದರ್ಜೆ ಅಲ್ಲ. ಹುಟ್ಟಿದ್ದು ಇಂಗ್ಲೆಂಡ್ ಬೇರೆ. ಇನ್ನೊಬ್ಬರು ಮಿಷಿಗನ್‌ನ ಕೆಳಮನೆ ಸದಸ್ಯ ಶ್ರೀ ಥಾಣೇದಾರ್, ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದವರು. ನಾಳೆ ಅವರು ಸ್ಪೀಕರೇ ಆದರೂ ಸರದಿ ಅವರನ್ನು ದಾಟಿ ಪ್ರೊ ಟೆಂಪೊರೆಗೆ ಹೋಗುತ್ತೆ.

ಸರದಿಯ ಕ್ರಮ ನೆನಪಿಡಲು ಮಗುವಿಗೆ ಸುಲಭ ಉಪಾಯ ಹೇಳಿಕೊಡಿ ಮಾಮ. ಯಾವ ಇಲಾಖೆ ಮೊದಲು ಹುಟ್ಟಿತೋ ಅದರ ಸಚಿವರು ಮೊದಲು. ವಿದೇಶಾಂಗ, ಖಜಾನೆ, ರಕ್ಷಣೆ, ಅಟಾರ್ನಿ ಜನರಲ್, ಹೀಗೆ ಇಳಿದು ಇಳಿದು ಕೊನೆಗೆ 9/11 ಆದಮೇಲೆ ಹುಟ್ಟಿದ ಆಂತರಿಕ ಭದ್ರತೆ. ಕ್ಯಾಬಿನೆಟ್ ರೂಮಿನಲ್ಲಿ ಕುರ್ಚಿಗಳನ್ನು ಹಾಕುವುದೂ ಇದೇ ಹಿರಿತನದ ಲೆಕ್ಕದಲ್ಲಿ. ದೊಡ್ಡ ಮಹೋಗನಿ ಮೇಜು, ಪ್ರತಿ ಚರ್ಮದ ಕುರ್ಚಿಯ ಬೆನ್ನಿಗೆ ಹಿತ್ತಾಳೆ ಪಟ್ಟಿ. ಅಧ್ಯಕ್ಷರ ಕುರ್ಚಿ ಮಾತ್ರ ಎರಡು ಇಂಚು ಎತ್ತರ. ಕೆಲಸ ಬಿಟ್ಟು ಹೋಗುವಾಗ ಸಚಿವರು ಆ ಕುರ್ಚಿಯನ್ನು ದುಡ್ಡು ಕೊಟ್ಟು ಮನೆಗೆ ಒಯ್ಯುವ ರೂಢಿ ಇದೆ.

ಸುಮ್ನೆ_ಓದುಗ
ನಮ್ಮಲ್ಲಿ ಕುರ್ಚಿ ಬಿಡುವುದೇ ಇಲ್ಲ, ಅಲ್ಲಿ ಕೊಂಡುಕೊಂಡು ಹೋಗುತ್ತಾರೆ.

ಮೈಸೂರು_ಮಾಮ
ಎಲ್ಲರೂ ಒಟ್ಟಿಗೆ ಹೋದರೆ? ಅಂದರೆ ಎಲ್ಲರೂ ಒಂದೇ ಕಟ್ಟಡದಲ್ಲಿ ಇರುವಾಗ ಏನಾದರೂ ಆದರೆ? ಇದನ್ನೂ ಅವಳು ಕೇಳಿಯೇ ಕೇಳುತ್ತಾಳೆ.

ವರ್ಜೀನಿಯಾ_ಕನ್ನಡತಿ
ಅದಕ್ಕೇ ಒಬ್ಬರನ್ನು ಹೊರಗೆ ಇಡುತ್ತಾರೆ. ಪ್ರತಿ ವರ್ಷ ಅಧ್ಯಕ್ಷರು ಎರಡೂ ಸದನದ ಮುಂದೆ ಭಾಷಣ ಮಾಡುತ್ತಾರಲ್ಲ, ಅವತ್ತು ಉಪಾಧ್ಯಕ್ಷರು, ಸ್ಪೀಕರ್, ಸಚಿವರು, ನ್ಯಾಯಮೂರ್ತಿಗಳು ಎಲ್ಲಾ ಒಂದೇ ಹಾಲ್‌ನಲ್ಲಿ. ಒಬ್ಬ ಸಚಿವರು ಮಾತ್ರ ಬರಲ್ಲ, ಗುಟ್ಟಾದ ಜಾಗದಲ್ಲಿ ಕಾವಲಿನಲ್ಲಿ ಇರುತ್ತಾರೆ. 2023ರಲ್ಲಿ ಕಾರ್ಮಿಕ ಸಚಿವ ಮಾರ್ಟಿ ವಾಲ್ಷ್, 2024ರಲ್ಲಿ ಶಿಕ್ಷಣ ಸಚಿವ ಮಿಗೆಲ್ ಕಾರ್ಡೋನಾ. ಶೀತಲ ಸಮರದ ಕಾಲದ ಭಯದಿಂದ ಹುಟ್ಟಿದ ಪದ್ಧತಿ. ವಿದೇಶಾಂಗ ಸಚಿವರಂಥ ದೊಡ್ಡ ತಲೆಗಳನ್ನು ಟಿವಿಯಲ್ಲಿ ತೋರಿಸಬೇಕು, ಹಾಗಾಗಿ ಸಾಮಾನ್ಯವಾಗಿ ಈ ಪಾಳಿ ಬೀಳುವುದು ಕೃಷಿ, ಇಂಧನ, ಶಿಕ್ಷಣ ಇಂಥವರಿಗೆ. ಊರೆಲ್ಲ ಜಾತ್ರೆಗೆ ಹೋದಾಗ ಮನೆ ಕಾಯಲು ಒಬ್ಬರನ್ನು ಬಿಡುತ್ತೇವಲ್ಲ, ಅದೇ.

ಕೋರ್ಟ್_ಕಟ್ಟೆ
ಸಂಪುಟ ಯಾತಕ್ಕೆ ಅನ್ನುವ ಮೊದಲ ಪ್ರಶ್ನೆಗೆ ಉತ್ತರ ಇನ್ನೂ ಬಾಕಿ ಇದೆ. ಅವರ ಕೈಯಲ್ಲಿ ನಿಜವಾದ ಒಂದು ಅಸ್ತ್ರ ಇದೆ. 25ನೇ ತಿದ್ದುಪಡಿಯ ಸೆಕ್ಷನ್ 4. ಅಧ್ಯಕ್ಷರಿಗೆ ಕೆಲಸ ಮಾಡುವ ಶಕ್ತಿ ಇಲ್ಲ, ಆದರೆ ಅದನ್ನು ಅವರು ಹೇಳುತ್ತಿಲ್ಲ, ಅಥವಾ ಹೇಳುವ ಸ್ಥಿತಿಯಲ್ಲಿಲ್ಲ. ಆಗ ಉಪಾಧ್ಯಕ್ಷರು ಮತ್ತು 15ರಲ್ಲಿ 8 ಸಚಿವರು ಸೇರಿ ಬರೆದುಕೊಟ್ಟರೆ ಆ ಕ್ಷಣದಿಂದ ಉಪಾಧ್ಯಕ್ಷರು ಹಂಗಾಮಿ ಅಧ್ಯಕ್ಷರು. ಅಧ್ಯಕ್ಷರು "ನಾನು ಚೆನ್ನಾಗಿದ್ದೇನೆ" ಅಂತ ತಿರುಗಿ ಬರೆದರೆ, ಇವರಿಗೆ ತಕರಾರು ತೆಗೆಯಲು ನಾಲ್ಕು ದಿನ. ತೆಗೆದರೆ ವಿಷಯ ಸಂಸತ್ತಿಗೆ, 21 ದಿನದೊಳಗೆ ಎರಡೂ ಸದನದಲ್ಲಿ ಮೂರನೇ ಎರಡರಷ್ಟು ಮತ ಬೇಕು. ಬರಲಿಲ್ಲ ಅಂದರೆ ಅಧ್ಯಕ್ಷರಿಗೇ ಕುರ್ಚಿ ವಾಪಸ್. ವಾಪಸ್ ಬಂದವರು ಆ ಎಂಟು ಜನರನ್ನು ಏನು ಮಾಡುತ್ತಾರೆ ಅಂತ ನಾನು ಹೇಳಬೇಕಿಲ್ಲ.

ಇದುವರೆಗೆ ಒಮ್ಮೆಯೂ ಬಳಸಿಲ್ಲ. 2021ರ ಜನವರಿಯಲ್ಲಿ ಕೆಳಮನೆ ನಿರ್ಣಯ ಪಾಸು ಮಾಡಿ, ಟ್ರಂಪ್ ಮೇಲೆ ಇದನ್ನು ಬಳಸಿ ಅಂತ ಉಪಾಧ್ಯಕ್ಷ ಪೆನ್ಸ್‌ರನ್ನು ಒತ್ತಾಯಿಸಿತು, ಅವರು ಆಗಲ್ಲ ಅಂದರು. ರೇಗನ್‌ಗೆ ಗುಂಡು ಬಿದ್ದ ದಿನವೂ ಕಾಗದ ತಯಾರಾಗಿತ್ತು, ಸಹಿ ಬೀಳಲಿಲ್ಲ.

ಈ ಸೆಕ್ಷನ್ ಯಾಕೆ ಬೇಕಾಯಿತು ಅಂದರೆ ಅಧ್ಯಕ್ಷ ವಿಲ್ಸನ್ ಕತೆ ಓದಿ. 1919ರ ಅಕ್ಟೋಬರ್‌ನಲ್ಲಿ ಪಾರ್ಶ್ವವಾಯು ಹೊಡೆಯಿತು. ಹೆಂಡತಿ ಎಡಿತ್ ಬಾಗಿಲಲ್ಲಿ ನಿಂತು ಯಾವ ಕಾಗದ ಒಳಗೆ ಹೋಗಬೇಕು, ಯಾವುದು ಹೋಗಬಾರದು ಅಂತ ತೀರ್ಮಾನ ಮಾಡುತ್ತಿದ್ದರು. ವಿದೇಶಾಂಗ ಸಚಿವ ಲ್ಯಾನ್ಸಿಂಗ್ ಸಂಪುಟ ಸಭೆ ಕರೆದು ಹೇಗೋ ಕೆಲಸ ಸಾಗಿಸಿದರು. ವಿಲ್ಸನ್ ಸ್ವಲ್ಪ ಚೇತರಿಸಿಕೊಂಡ ಮೇಲೆ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ನನ್ನನ್ನು ಕೇಳದೆ ಸಭೆ ಯಾಕೆ ಕರೆದೆ ಅಂತ ಲ್ಯಾನ್ಸಿಂಗ್ ರಾಜೀನಾಮೆ ತೆಗೆದುಕೊಂಡದ್ದು.

ಹಳೇಪೇಪರ್
ಸೆಕ್ಷನ್ 3 ಮಾತ್ರ ಬಳಕೆಯಲ್ಲಿದೆ. ಅಧ್ಯಕ್ಷರು ತಾವೇ ಸ್ವಲ್ಪ ಹೊತ್ತಿಗೆ ಅಧಿಕಾರ ಕೊಡುವುದು. ಕರುಳಿನ ಪರೀಕ್ಷೆಗೆ ಅರಿವಳಿಕೆ ಕೊಡುತ್ತಾರಲ್ಲ, ಅದಕ್ಕೆ. ಜಾರ್ಜ್ ಡಬ್ಲ್ಯೂ ಬುಷ್ 2002ರಲ್ಲಿ, 2007ರಲ್ಲಿ ಹೀಗೆ ಉಪಾಧ್ಯಕ್ಷ ಡಿಕ್ ಚೇನಿಗೆ ಕೊಟ್ಟಿದ್ದರು. 2021ರ ನವೆಂಬರ್ 19ಕ್ಕೆ ಬೈಡನ್ ಕೊಟ್ಟಾಗ ಕಮಲಾ ಹ್ಯಾರಿಸ್ 85 ನಿಮಿಷ ಅಧ್ಯಕ್ಷರ ಅಧಿಕಾರ ನಡೆಸಿದರು.

ಬಾಗಲಕೋಟಿ_ಬಿಸಿರೊಟ್ಟಿ
85 ನಿಮಿಷ! ನಮ್ಮೂರ ಬಸ್ಸಿಗೆ ಅದಕ್ಕಿಂತ ಜಾಸ್ತಿ ಹೊತ್ತು ಕಾಯ್ತೀವಿ.

ಮೈಸೂರು_ಮಾಮ
ಎಲ್ಲರಿಗೂ ಥ್ಯಾಂಕ್ಸ್. ಬುಧವಾರದ ವರದಿ ಕೊಡುತ್ತೇನೆ.

ಪೂರ್ತಿ ತಯಾರಾಗಿ ಕೂತಿದ್ದೆ. ಲಕೋಟೆ ಕತೆ ಹೇಳಿದೆ, ಸ್ಟಾಂಟನ್ ಬಾಗಿಲು ಹಾಕಿಕೊಂಡ ಕತೆ ಹೇಳಿದೆ. ಕಣ್ಣರಳಿಸಿ ಕೇಳಿದಳು. "ಹಳೇ ಸಿಲಬಸ್ಸು" ಅಂದಾಗ ಅಕ್ಕ ಹಿಂದಿನಿಂದ "ಸುಳ್ಳು, ಇವನಿಗೆ ಯಾವ ಸಿಲಬಸ್ಸೂ ಬರುತ್ತಿರಲಿಲ್ಲ" ಅಂದಳು. ಇರಲಿ. ಆಮೇಲೆ ಸೆಕ್ಷನ್ 4 ವಿವರಿಸಿದೆ, ಎಂಟು ಸಚಿವರು, ನಾಲ್ಕು ದಿನ, 21 ದಿನ, ಒಂದೂ ತಪ್ಪಲಿಲ್ಲ. ಹುಡುಗಿ ಪೆನ್ಸಿಲ್ ಕಚ್ಚಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಮ, ಪ್ರೆಸಿಡೆಂಟೂ ಕೋಮಾ, ವೈಸ್ ಪ್ರೆಸಿಡೆಂಟೂ ಕೋಮಾ. ಇಬ್ಬರೂ ಸತ್ತಿಲ್ಲ. ಆ ಲೆಟರ್‌ಗೆ ವೈಸ್ ಪ್ರೆಸಿಡೆಂಟ್ ಸೈನ್ ಬೇಕೇ ಬೇಕಲ್ವಾ, ಯಾರು ಹಾಕ್ತಾರೆ?" ಅಂದಳು.

ವಕೀಲರೇ?

ಕೋರ್ಟ್_ಕಟ್ಟೆ
ಯಾರೂ ಹಾಕಲ್ಲ. ಉಪಾಧ್ಯಕ್ಷರ ಸಹಿ ಇಲ್ಲದೆ ಸೆಕ್ಷನ್ 4 ಓಡಲ್ಲ. ಉಪಾಧ್ಯಕ್ಷರಿಗೆ ಶಕ್ತಿ ಇಲ್ಲ ಅಂತ ತೀರ್ಮಾನ ಮಾಡುವುದು ಹೇಗೆ ಅಂತ ತಿದ್ದುಪಡಿಯಲ್ಲಿ ಒಂದಕ್ಷರವೂ ಇಲ್ಲ. 1947ರ ಕಾನೂನಿನಲ್ಲಿ ಇಬ್ಬರಿಗೂ ಅಶಕ್ತತೆ ಆದರೆ ಸ್ಪೀಕರ್ ಅಂತ ಇದೆ, ಆದರೆ ಅಶಕ್ತರು ಅಂತ ಹೇಳುವವರು ಯಾರು ಅಂತ ಅಲ್ಲೂ ಬರೆದಿಲ್ಲ. ಹುಡುಗಿ ಯಾವ ಕ್ಲಾಸು ಅಂದಿರಿ?

ಮೈಸೂರು_ಮಾಮ
ಎಂಟು. ಶನಿವಾರ ಮತ್ತೆ ಫೋನ್ ಮಾಡುತ್ತಾಳಂತೆ.